ಹತ್ತೊಂಬತ್ತು ಸುತ್ತು

ಅವನು ಆ ಮಾತು ಕೇಳಿದಾಗ ನಾನು ನಾಲ್ಕನೇ ಕಾಯ್ಲ್‌ನ ಹನ್ನೊಂದನೇ ಸುತ್ತಿನಲ್ಲಿದ್ದೆ.

“ದ್ರಾಕ್ಷಾಯಿಣಿಯವರ, ಪುಣೆದಾಗ ಹಳೇ ಕಾರ್ ಸಜ್ಜು ಮಾಡೋ ಗ್ಯಾರೇಜಿನವ್ರು ನನ್ನ ಕರದಾರ. ಗುರುವಾರ ಹೊರಟು ಬಾ ಅಂದಾರ. ನೀವು ಬ್ಯಾಡ ಅಂದ್ರ ಹೋಗಂಗಿಲ್ಲ. ಏನಂತೀರಿ?”

ನನ್ನ ಬಲಗೈ ಯಂತ್ರದ ಹಿಡಿಕೆಯನ್ನು ತಿರುಗಿಸುತ್ತಲೇ ಇತ್ತು. ಎಡಗೈ ಬೆರಳುಗಳ ಸಂದಿಯಿಂದ ಎಂಟು ಎಳೆ ತಾಮ್ರದ ತಂತಿ ಜಾರಿಹೋಗುತ್ತಿತ್ತು. ಹನ್ನೆರಡು. ಹದಿಮೂರು. ಎದೆ ಬೇರೆಯದೇ ಲೆಕ್ಕ ಹಿಡಿದು ಓಡುತ್ತಿತ್ತು.

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ನಮ್ಮ ರಿವೈಂಡಿಂಗ್ ಅಂಗಡಿಗೆ ಇರುವುದು ಒಂದೇ ಕಟ್ಟಳೆ. ತಂತಿ ಸುತ್ತುವವರನ್ನು ಯಾರೂ ಮಾತಾಡಿಸಬಾರದು, ಸುತ್ತುವವರು ಉತ್ತರ ಕೊಡಬಾರದು. ಒಂದು ಸೆಟ್ಟಿಗೆ ಆರು ಕಾಯ್ಲ್, ಒಂದೊಂದಕ್ಕೆ ಹತ್ತೊಂಬತ್ತು ಸುತ್ತು. ಕಡೆಯ ಗಂಟು ಬೀಳುವ ತನಕ ಯಾರೇ ಬರಲಿ, ಏನೇ ಆಗಲಿ, ತಲೆ ಎತ್ತುವಂತಿಲ್ಲ. ಒಂದು ಸುತ್ತು ತಪ್ಪಿದರೂ ಮೋಟಾರು ಅದನ್ನು ಮರೆಯುವುದಿಲ್ಲ ಎನ್ನುತ್ತಾನೆ ಅಪ್ಪ.

ಗಂಟು ಹಾಕಿ ತಲೆ ಎತ್ತಿದೆ. ಬಾಗಿಲಲ್ಲಿ ಅವನಿರಲಿಲ್ಲ. ಚೌಕಟ್ಟಿನ ಮೇಲೆ ಅವನು ಕೈ ಊರಿದ್ದ ಕಡೆ ನಾಲ್ಕು ಬೆರಳಿನ ಆಯಿಲ್ ಗುರುತು ಇನ್ನೂ ಒದ್ದೆಯಾಗಿತ್ತು.

ಕಟ್ಟಳೆ ಕನಕರಾಜನಿಗೆ ಗೊತ್ತಿಲ್ಲದ್ದಲ್ಲ. ಆರು ವರ್ಷದಿಂದ ಪಕ್ಕದ ನದೀಮ ಉಸ್ತಾದರ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಆದರೆ ನಾನು ಎಣಿಸುತ್ತಿದ್ದೇನೋ ಇಲ್ಲವೋ ಎಂಬುದನ್ನು ಅವನು ತಿಳಿಯುತ್ತಿದ್ದದ್ದು ನನ್ನ ತುಟಿ ನೋಡಿ. ತುಟಿ ಅಲುಗಿದರೆ ಬಾಗಿಲಲ್ಲೇ ನಿಲ್ಲುತ್ತಿದ್ದ.

ಒಂದು ತಿಂಗಳ ಹಿಂದೆ ಅವನೇ ನನ್ನನ್ನು ಕಾಡಿದ್ದ. “ಏನ್ರಿ, ದಿನಾ ಒಬ್ರ ಕೂತು ಯಾರ ಹೆಸರ ಜಪ ಮಾಡ್ತೀರಿ? ನಮಗೂ ಹೇಳ್ರಿ, ನಾವೂ ಮಾಡ್ತೀವಿ.”

ಕಿವಿಯ ತನಕ ಬಿಸಿಯೇರಿತ್ತು. ಅಂದಿನಿಂದ ನಾನು ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸುವುದನ್ನು ಕಲಿತೆ. ಅವನು ಮತ್ತೆ ನಗಬಾರದೆಂದು.

ಈಗ ಅವನು ಏನು ತಿಳಿದುಕೊಂಡು ಹೋಗಿರಬಹುದು? ತುಟಿ ಅಲುಗಲಿಲ್ಲ, ಅಂದರೆ ಎಣಿಸುತ್ತಿಲ್ಲ, ಆದರೂ ಉತ್ತರವಿಲ್ಲ.

•

ಅಪ್ಪನ ಬಲಗೈ ನಡುಗಲು ಶುರುವಾದ ವರ್ಷ ನಾನು ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟೆ. ಅಂದಿನಿಂದ ಇದೇ ಮಣೆ, ಇದೇ ಯಂತ್ರ. ನವಲಿ ಕಡೆಯ ಗದ್ದೆಗಳ ಪಂಪಿನ ಮೋಟಾರು, ಗಂಗಾವತಿಯ ರೈಸ್ ಮಿಲ್ಲುಗಳ ಮೋಟಾರು. ಗಿರಾಕಿಗಳ ಜೊತೆ ಮಾತೆಲ್ಲ ಅಪ್ಪನದು, ನೋಡುವುದು ನನ್ನದು.

ಮಣೆಯಲ್ಲಿ ಕೂತರೆ ಬಾಗಿಲಾಚೆ ಗ್ಯಾರೇಜಿನ ಒಂದು ಸೀಳು ಮಾತ್ರ ಕಾಣುತ್ತದೆ. ಹಾಗಾಗಿ ನಾನು ಕನಕರಾಜನನ್ನು ಅರ್ಧರ್ಧವೇ ನೋಡಿದವಳು. ಎಡ ಭುಜ, ಎಡಗೈ, ನಕ್ಕಾಗ ಎಡ ಕೆನ್ನೆಯಲ್ಲಿ ಬೀಳುವ ಗುಳಿ. ಬಲ ಕೆನ್ನೆಯಲ್ಲೂ ಗುಳಿ ಬೀಳುತ್ತದೆಂದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಅದು ಗೊತ್ತಾದದ್ದು ಕಾಂಟೆಸಾದಿಂದ.

ಅಂದಪ್ಪ ಸಾಹುಕಾರರ ಕಾರು ಅದು. ಗಾಢ ನೀಲಿ, ಉದ್ದ ಮೂತಿ, ಕುಸ್ತಿಯವನಂತೆ ಅಗಲ ಎದೆ. ಸಾಹುಕಾರರ ಮಿಲ್ಲಿನಲ್ಲಿ ಮೂವತ್ತು ವರ್ಷ ಬಾಳಿದ ಕಾರನ್ನು ಪ್ರತಿ ಸೋಮವಾರ ಮುಂಜಾನೆ ಕನಕರಾಜ ಗ್ಯಾರೇಜಿಗೆ ತಂದು ಎಂಜಿನ್ ಓಡಿಸಿ ನೋಡುತ್ತಿದ್ದ. ಗುಡುಗು ನೆಲದಡಿಯಿಂದ ಎದ್ದ ಹಾಗೆ. ನಮ್ಮ ಅಂಗಡಿಯ ಗೋಡೆಯ ಮೊಳೆಗಳಲ್ಲಿ ನೇತಾಡುವ ತಾಮ್ರದ ಸುರುಳಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಮಣೆ ನಡುಗುತ್ತಿತ್ತು. ಆ ನಡುಕ ನಿಂತ ಮೇಲೂ ನನ್ನೊಳಗೆ ತುಸು ಹೊತ್ತು ಉಳಿಯುತ್ತಿತ್ತು.

ಒಂದು ಸೋಮವಾರ ಅಪ್ಪ ನನ್ನನ್ನು ಗ್ಯಾರೇಜಿಗೆ ಅಟ್ಟಿದ್ದ, ಸ್ಪ್ಯಾನರ್ ಕೇಳಿ ತರಲು. ಕನಕರಾಜ ಬಾನೆಟ್ಟಿನೊಳಗೆ ಬಾಗಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ.

“ಡಾಕ್ಟರಾ?” ಎಂದು ನನ್ನ ಬಾಯಿಂದ ಹೇಗೆ ಬಂತೋ.

ಅವನು ತಿರುಗಿ ನೋಡಿದ. ಎರಡು ಗುಳಿ. “ಹೂಂ. ಬರ್ರಿ, ಈ ಪೇಶಂಟ್ ಏನಂತೈತಿ ಕೇಳ್ರಿ.”

ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಯ ಬಳಿ ತಂದ. ಕೈ ತಾಗದಂತೆ ಎಷ್ಟು ಜೋಪಾನವಾಗಿ ಹಿಡಿದಿದ್ದನೆಂದರೆ, ತಾಗಿದ್ದರೂ ಅಷ್ಟು ನೆನಪಿರುತ್ತಿರಲಿಲ್ಲ. ಒಳಗೆ ದೊಡ್ಡದೊಂದು ಹೃದಯ ಬಡಿಯುತ್ತಿತ್ತು.

“ಹೇಮಗುಡ್ಡದ ಏರಿನ್ಯಾಗ ಟಾಪ್ ಗೇರಿನ್ಯಾಗ ಹತ್ತತೈತ್ರಿ ಇದು,” ಎಂದ. “ಸಿಟ್ಟು ಬಂದ್ರ ಹೇಳತೈತಿ, ದಣಿದ್ರ ಹೇಳತೈತಿ. ಎಲ್ಲಾ ಬಾಯಿಬಿಟ್ಟು ಹೇಳತೈತಿ.” ಆಮೇಲೆ ನನ್ನ ಕಡೆ ಓರೆನೋಟ ಹರಿಸಿ, “ಎಲ್ಲಾರೂ ಹಂಗಿದ್ರ ಎಷ್ಟ ಛಲೋ ಇರ್ತಿತ್ತು” ಎಂದ.

ಸ್ಪ್ಯಾನರ್ ತೆಗೆದುಕೊಳ್ಳುವುದನ್ನೇ ಮರೆತು ಓಡಿ ಬಂದಿದ್ದೆ.

•

ಈಚೆಗೆ ಗ್ಯಾರೇಜು ದಿನದಿನಕ್ಕೆ ಖಾಲಿಯಾಗುತ್ತಿತ್ತು. ವಿರೂಪಾಪುರಗಡ್ಡೆ ಕಡೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದ ಮೊಪೆಡ್‌ಗಳೆಲ್ಲ ಮೊದಲು ಉಸ್ತಾದರಲ್ಲಿಗೇ ಬರುತ್ತಿದ್ದವು. ಈಗ ಬ್ಯಾಟರಿ ಸ್ಕೂಟರು. ಅವುಗಳ ಚಕ್ರದೊಳಗಿನ ಮೋಟಾರು ಸುಟ್ಟರೆ ಬರುವುದು ನಮ್ಮ ಅಂಗಡಿಗೆ.

“ನಿಮ್ಮ ಕಡೆಯವ್ರು ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕತ್ತಾರ ನೋಡ್ರಿ,” ಎನ್ನುತ್ತಿದ್ದ ಕನಕರಾಜ, ನಮ್ಮ ಬಾಗಿಲಿಗೊರಗಿ ಚಹಾ ಕುಡಿಯುತ್ತಾ. “ಸದ್ದಿಲ್ಲ, ಸುದ್ದಿಲ್ಲ. ಬಂದಿದ್ದೂ ಗೊತ್ತಾಗಂಗಿಲ್ಲ, ಹೋಗಿದ್ದೂ ಗೊತ್ತಾಗಂಗಿಲ್ಲ. ಇಂಥಾವನ್ನ ಹೆಂಗ ನಂಬೋದು?”

ಅವನು ಹೇಳಿದ್ದು ಸ್ಕೂಟರಿನ ಬಗ್ಗೆ. ನನಗೆ ಕೇಳಿಸಿದ್ದು ನನ್ನ ಬಗ್ಗೆ.

ಆಮೇಲೆ ಅಂದಪ್ಪ ಸಾಹುಕಾರರು ಬಂದರು. ಮಗಳು ಶೈಲಜಾಗೆ ಪೆಟ್ರೋಲಿನ ವಾಸನೆಗೆ ತಲೆ ತಿರುಗುತ್ತದಂತೆ. ಮನೆಗೆ ಹೊಸ ಎಲೆಕ್ಟ್ರಿಕ್ ಕಾರು ಬಂದಾಗಿತ್ತು.

“ಗುಜರಿಗೆ ಹಾಕಾಕ ಮನಸ್ಸ ಬರವಲ್ದಪಾ,” ಎಂದರು ಅಪ್ಪನ ಎದುರು ಕೂತು. “ನನ್ನ ಮದುವಿ ಮೆರವಣಿಗಿ ಆಗಿದ್ದು ಅದರಾಗ. ಎಂಜಿನ್ ತಗದು ಬ್ಯಾಟರಿ ಕೂಡಸ್ತೀನಿ. ಜೀವ ಬದಲಾದ್ರೂ ದೇಹ ಇರ್ಲಿ. ಹೈದರಾಬಾದಿನಿಂದ ಹಳೇ ಮೋಟಾರ್ ತರಸೀನಿ, ಒಳಗ ಸುಟ್ಟೈತಿ. ಹುಚ್ಚೀರಪ್ಪ, ನಿನ್ನ ಮಗಳ ಕೈಲೆ ಸುತ್ತಸು.”

ಅಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಗೋಡೆಯಾಚೆ ಸುತ್ತಿಗೆಯ ಸದ್ದು ನಿಂತಿತ್ತು. ಅವನಿಗೂ ಕೇಳಿಸಿತ್ತು.

ಕಾಂಟೆಸಾದ ಸದ್ದು ಅಡಗಿಸುವ ಮೋಟಾರನ್ನು ಸುತ್ತುತ್ತಾ ಕೂತಿದ್ದಾಗಲೇ ಅವನು ಬಂದು ಆ ಮಾತು ಕೇಳಿದ್ದು.

•

ಮರುದಿನ ಅವನು ಚಹಾಕ್ಕೆ ಬರಲಿಲ್ಲ. ಅದರ ಮರುದಿನವೂ.

ನಾನು ನಾಲ್ಕು ಸಲ ಬಾಗಿಲಿಗೆ ಹೋಗಿ ನಾಲ್ಕು ಸಲ ವಾಪಸು ಬಂದೆ. ಮಣೆಯಲ್ಲಿ ಕೂರಲಾಗದು, ಎದ್ದರೆ ಹೋಗಲು ಜಾಗವಿಲ್ಲ. ಹೇಳಬೇಕಾದ ಮಾತನ್ನು ಒಲೆಯ ಮುಂದೆ ಹೇಳಿ ನೋಡಿದೆ, ಬಟ್ಟೆ ಒಗೆಯುವ ಕಲ್ಲಿಗೆ ಹೇಳಿ ನೋಡಿದೆ. ಎಣಿಸ್ತಿದ್ದೆ, ಅಷ್ಟ. ಎರಡೇ ಪದ. ಅವನ ಎಡ ಭುಜ ಕಂಡರೆ ಎರಡೂ ಮಾಯ.

ಇನ್ನೊಂದು ಅನುಮಾನವೂ ಒಳಗೊಳಗೇ ಕೊರೆಯುತ್ತಿತ್ತು. ಆ ನಾಲ್ಕನೇ ಕಾಯ್ಲ್. ಹತ್ತೊಂಬತ್ತಕ್ಕೆ ನಿಲ್ಲಿಸಿದೆನೋ, ಇಪ್ಪತ್ತಕ್ಕೋ? ಇಂಥ ಅನುಮಾನ ಬಂದಾಗಲೆಲ್ಲ ಬಿಚ್ಚಿ ಮತ್ತೆ ಸುತ್ತುವವಳು ನಾನು. ಈ ಸಲ ಬಿಚ್ಚಲಿಲ್ಲ. ಯಾಕೆಂದು ನನಗೇ ಹೇಳಿಕೊಳ್ಳಲಿಲ್ಲ. ಹಾಗೇ ಮೋಟಾರಿನೊಳಗೆ ಕೂಡಿಸಿಬಿಟ್ಟೆ.

ಮಂಗಳವಾರ ಕಾಂಟೆಸಾದ ಎಂಜಿನ್ ಇಳಿಸಿದರು. ಇಳಿಸುವ ಮುಂಚೆ ಕನಕರಾಜ ಒಂದು ಸಲ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿಹಿಡಿದ. ರಸ್ತೆಯಲ್ಲಿ ಹೋಗುವವರು ನಿಂತರು. ಎದುರಿನ ಹೋಟೆಲಿನವರು ಬಜ್ಜಿಯ ಝಾರಾ ಹಿಡಿದೇ ಹೊರಗೆ ಬಂದರು. ನಮ್ಮ ತಾಮ್ರದ ಸುರುಳಿಗಳೆಲ್ಲ ಹುಚ್ಚು ಹಿಡಿದವರಂತೆ ಬಡಿದಾಡಿದವು. ನಾನು ಮಣೆಯ ಅಂಚನ್ನು ಹಿಡಿದು ಕೂತೆ.

ನಂತರ ಅವನು ಚಾವಿ ತಿರುಗಿಸಿದ.

ನದೀಮ ಉಸ್ತಾದರು ಗಡ್ಡ ಸವರುತ್ತಾ ನಮ್ಮ ಅಂಗಡಿಗೆ ಬಂದು ಕೂತರು. “ಸರಪಳಿ ಹಾಕಿ ಎತ್ತಿದ ಮ್ಯಾಲ ನೋಡ್ಬೇಕಿತ್ತು ಹುಚ್ಚೀರಪ್ಪ, ಎಂಜಿನ್ ಅಷ್ಟ ಸಣ್ಣದಿತ್ತು. ಅಂಥಾ ಆವಾಜ್ ಮಾಡೋದು, ಇಷ್ಟೇನಾ ಅನಿಸ್ತು.” ಗ್ಯಾರೇಜಿನ ಕಡೆ ಕೈ ತೋರಿಸಿ, “ನಾಳೆ ಮೋಟಾರ್ ಒಯ್ದು ಕೊಟ್ರ ಅವನ ಕೆಲಸ ಮುಗೀತು. ನಾಡದ ಮುಂಜಾನೆ ಕೊಪ್ಪಳದಾಗ ರೈಲು ಹತ್ತತಾನಂತ. ಏನ್ ಆಗೇತೋ ಅವಗ, ಕೇಳಿದ್ರ ಹೇಳವಲ್ಲ” ಎಂದರು.

ಅವರು ಹೇಳುತ್ತಿದ್ದದ್ದು ಅಪ್ಪನಿಗೆ. ನೋಡುತ್ತಿದ್ದದ್ದು ನನ್ನನ್ನು.

•

ವಾರ್ನಿಶ್ ಹಾಕಿದ ಮೇಲೆ ಕಾಯ್ಲ್‌ಗಳು ಕಲ್ಲಾಗುತ್ತವೆ, ಆಮೇಲೆ ಏನೂ ಬದಲಿಸುವಂತಿಲ್ಲ. ಅದಕ್ಕೇ ಅಪ್ಪ ವಾರ್ನಿಶ್ ಹಾಕುವ ಮುನ್ನ ಮೋಟಾರನ್ನು ಒಮ್ಮೆ ಓಡಿಸಿ ನೋಡುತ್ತಾನೆ.

ಬುಧವಾರ ಹನ್ನೊಂದಕ್ಕೆ ಎಲ್ಲರೂ ಸೇರಿದರು. ಸಾಹುಕಾರರು ಕುರ್ಚಿಯಲ್ಲಿ, ಉಸ್ತಾದರು ಬಾಗಿಲಲ್ಲಿ. ಕನಕರಾಜ ಒಳಗೆ ಬಂದು ಮೂಲೆಯಲ್ಲಿ ನಿಂತ. ಬಹಳ ದಿನದ ಮೇಲೆ ಅವನ ಪೂರ್ತಿ ಮುಖ ಕಂಡಿತು. ಎರಡೂ ಕೆನ್ನೆಯಲ್ಲಿ ಗುಳಿ ಇರಲಿಲ್ಲ.

ಅಪ್ಪ ಕಡಿಮೆ ಕರೆಂಟು ಕೊಟ್ಟ. ಮೋಟಾರು ತಿರುಗಿತು. ಸದ್ದೇ ಇಲ್ಲ.

“ಶಹಬ್ಬಾಸ್!” ಎಂದರು ಸಾಹುಕಾರರು. “ಬೆಣ್ಣಿ ಹಂಗ ತಿರಗತೈತಲ್ಲೋ!”

ಅಪ್ಪ ಮೀಟರ್ ಹಿಡಿದು ಮೂರೂ ವೈರು ನೋಡಿದ. ಹುಬ್ಬು ತುಸು ಗಂಟಾಯಿತು. “ಒಂದು ವೈರಿನ್ಯಾಗ ಕೂದಲೆಳಿ ಫರಕ್ ಐತಿ. ನಡಿತೈತಿ ಬಿಡ್ರಿ.”

“ಹಂಗಾರ ವಾರ್ನಿಶ್ ಹಾಕ್ರಿ,” ಎಂದ ಕನಕರಾಜ. “ಸಂಜಿಕ ಒಯ್ತೀನಿ. ಈ ಮೂಕ ಗಾಡಿ ಮುಂದ ನಿಂತು ನಾ ಕೇಳೋದೇನೈತಿ?”

ನಾನು ಎದ್ದೆ. ಟೂಲ್ ಡಬ್ಬಿಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಎಲ್ಲರ ನಡುವೆ ನಾಲ್ಕು ಹೆಜ್ಜೆ ನಡೆದು, ಅವನ ಮುಂದೆ ಚಾಚಿದೆ. ಹಿಡಿ ಅವನ ಕಡೆ.

ಅವನು ನನ್ನನ್ನು ನೋಡಿದ. ಸ್ಕ್ರೂಡ್ರೈವರನ್ನು ನೋಡಿದ. ತೆಗೆದುಕೊಂಡ.

ತುದಿಯನ್ನು ಮೋಟಾರಿನ ಮೈಗೆ, ಹಿಡಿಯನ್ನು ಕಿವಿಗೆ ಇಟ್ಟು ಬಾಗಿದ. ಮೊದಲು ಮುಖದಲ್ಲಿ ಏನೂ ಇರಲಿಲ್ಲ. ನಿಧಾನವಾಗಿ ಕಣ್ಣುಗಳು ಅಗಲವಾದವು.

“ಐತ್ರಿ…” ಎಂದ, ತನಗೆ ತಾನೇ. “ಒಳಗ ಹಾಡಾಕತ್ತೈತಿ.” ತುದಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿದ. ಒಂದು ಕಡೆ ನಿಲ್ಲಿಸಿದ. “ಇಲ್ಲೊಂದು ಕಡೆ ಮಾತ್ರ ಗುಂಯ್ ಅಂತೈತಿ. ಇಲ್ಲೇನೋ ಎಡವಟ್ಟಾಗೇತಿ.”

ಅಪ್ಪ ಸ್ವಿಚ್ ಆರಿಸಿದ. ಅಪ್ಪನ ಮುಖ ಬಾಡಿತ್ತು. ನಮ್ಮ ಅಂಗಡಿಯ ಮೋಟಾರಿಗೆ ಇದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. “ನನ್ನ ಮಗಳು ಸುತ್ತಿದ್ದು ತಪ್ಪಂಗಿಲ್ಲಪಾ.”

“ತಪ್ಪೈತಿ, ಅಪ್ಪ,” ಎಂದೆ ನಾನು.

ಸಾಹುಕಾರರು ನನ್ನ ದನಿಯನ್ನು ಮೊದಲ ಸಲ ಕೇಳಿದವರಂತೆ ತಿರುಗಿದರು.

“ಅದು ನಾಲ್ಕನೇ ಕಾಯ್ಲ್. ಒಂದು ಸುತ್ತು ಹೆಚ್ಚಾಗೇತಿ. ಹನ್ನೊಂದನೇ ಸುತ್ತಿಗೆ ಬಂದಾಗ… ಇವರು ಬಾಗಲಾಗ ನಿಂತು ಒಂದು ಮಾತು ಕೇಳಿದ್ರು. ನಾ ಎಣಿಸಾಕತ್ತಿದ್ದೆ. ಲೆಕ್ಕ ತಪ್ಪಿತು.”

ಬಾಗಿದ್ದ ಕನಕರಾಜ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದ.

“ಎಣಿಸಾಕತ್ತಿದ್ರ್ಯಾ?” ಎಂದ. “ತುಟಿ ಅಲುಗಾಡ್ಲೇ ಇಲ್ಲಲ್ರಿ?”

“ನೀವಽ ನಕ್ಕಿದ್ರಲ್ಲ, ಜಪ ಮಾಡ್ತೀರಿ ಅಂತ. ಅದಕ್ಕ ಬಾಯಿ ಮುಚ್ಚಿಕೊಂಡು ಎಣಿಸಾಕ ಕಲ್ತೆ.”

“ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ!” ಅವನು ಹಣೆಗೆ ಹೊಡೆದುಕೊಂಡ. ಹಣೆಯ ಮೇಲೆ ಆಯಿಲಿನ ಪಟ್ಟೆ ಮೂಡಿತು. “ನಾ ಏನ್ ತಿಳ್ಕೊಂಡೆ ಗೊತ್ತೇನ್ರಿ? ನಾ ನಿಂತಿದ್ದಕ್ಕ ಬೆಲೀನಽ ಇಲ್ಲ ಅಂತ…”

“ಏನ್ ಮಾತು ಕೇಳಿದ್ಯೋ ಹಂಗ, ಲೆಕ್ಕ ತಪ್ಪೋವಂಥಾದ್ದು?” ಎಂದು ಸಾಹುಕಾರರು ಕುರ್ಚಿಯಿಂದ ಮುಂದೆ ಸರಿದರು.

“ಸಾಹುಕಾರ್ರ, ಬರ್ರಿ, ಚಹಾ ಕುಡಿಯೂಣು,” ಎಂದರು ಉಸ್ತಾದರು ಗಡಿಬಿಡಿಯಿಂದ. “ಹುಚ್ಚೀರಪ್ಪ, ನೀನೂ ಬಾ.”

“ನಾ ಈಗ ಕುಡದೀನಿ.”

“ಇನ್ನೊಂದು ಕುಡಿ!”

ಅಪ್ಪ ನನ್ನನ್ನು ನೋಡಿದ, ಆ ಹಣೆಯ ಪಟ್ಟೆಯನ್ನು ನೋಡಿದ. ಹೆಗಲ ಟವೆಲ್ ಸರಿಮಾಡಿಕೊಂಡು ಹೋಗುತ್ತಾ ಬಾಗಿಲಲ್ಲಿ ನಿಂತು, “ಆ ಸೆಟ್ ಪೂರಾ ಬಿಚ್ಚಿ ಹೊಸದಾಗಿ ಸುತ್ತವ್ವ. ಅವಸರ ಬ್ಯಾಡ” ಎಂದ.

•

ಆ ಸೆಟ್ಟನ್ನು ಬಿಚ್ಚಿ ತೆಗೆದು ನಾನು ಮಣೆಯಲ್ಲಿ ಕೂತೆ. ಎಂಟು ಎಳೆ ತಂತಿಯನ್ನು ಬೆರಳ ಸಂದಿಗೆ ಹಾಕಿಕೊಂಡೆ. ಕನಕರಾಜ ಬಾಗಿಲಿಗೆ ಹೋಗಿ, ಮೊದಲು ಕೈ ಊರಿದ್ದ ಅದೇ ಜಾಗದಲ್ಲಿ ಕೈ ಊರಿ ನಿಂತ.

“ಕೇಳ್ಲಾ?”

ನಾನು ತಲೆ ಅಲ್ಲಾಡಿಸಿದೆ, ಈಗ ಬೇಡವೆಂದು. ಹಿಡಿಕೆ ತಿರುಗಿಸಿದೆ.

ಈ ಸಲ ತುಟಿ ಬಿಗಿಹಿಡಿಯಲಿಲ್ಲ. ಒಂದು. ಎರಡು. ಮೂರು. ಅವನಿಗೆ ಕಾಣಲಿ ಎಂದೇ ಎಣಿಸಿದೆ. ಅವನು ನಗಲಿಲ್ಲ. ನನ್ನ ತುಟಿಯನ್ನೇ ನೋಡುತ್ತಾ ಅವನ ತುಟಿಯೂ ಮೆಲ್ಲಗೆ ಅಲುಗತೊಡಗಿತು. ಹೊರಗೆ ಬ್ಯಾಟರಿ ಆಟೋ ಒಂದು ಸದ್ದಿಲ್ಲದೆ ಹಾದುಹೋಯಿತು. ಗ್ಯಾರೇಜಿನ ನೆಲದ ಮೇಲೆ ತಾಡಪಾಲು ಹೊದ್ದ ಎಂಜಿನ್ ತಣ್ಣಗೆ ಮಲಗಿತ್ತು. ಅವನು ಒಮ್ಮೆ ಅತ್ತ ನೋಡಿದ, ಮತ್ತೆ ಇತ್ತ ತಿರುಗಿದ.

ಆರು ಕಾಯ್ಲ್. ಹತ್ತೊಂಬತ್ತು, ಹತ್ತೊಂಬತ್ತು, ಹತ್ತೊಂಬತ್ತು. ಅಷ್ಟು ಉದ್ದದ ಸೆಟ್ಟನ್ನು ನಾನು ಹಿಂದೆಂದೂ ಸುತ್ತಿರಲಿಲ್ಲ ಅನ್ನಿಸಿತು.

ಗಂಟು ಹಾಕಿದೆ. ತಲೆ ಎತ್ತಿದೆ. ಅವನು ಅಲ್ಲೇ ಇದ್ದ.

“ಈಗ ಕೇಳ್ರಿ,” ಎಂದೆ.

ಅವನು ಬಾಯಿ ತೆರೆದ. ಆದರೆ ಇಷ್ಟು ದಿನ ಕಲ್ಲಿಗೂ ಒಲೆಗೂ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವನು ಕೇಳುವ ಮೊದಲೇ ಹೇಳಿಬಿಟ್ಟೆ.

“ಹೋಗಬ್ಯಾಡ್ರಿ.”