ಬೆಳ್ಳಿಗೊರಲ ಹಕ್ಕಿಗಳ ಕೂಸು

ಬಹಳ ಹಿಂದೆ, ಮೋಡಗಳು ಬೆಟ್ಟದ ಮೇಲೆಯೇ ಮಲಗಿ ಬೆಟ್ಟದ ಮೇಲೆಯೇ ಏಳುತ್ತಿದ್ದ ಕಾಲದಲ್ಲಿ, ಹಾವಸೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಮರಗಳಿಗೆಲ್ಲ ಪಾಚಿಯ ಕಂಬಳಿ. ಮಂಜು ಬಂದು ಪಾಚಿಗೆ ತಾಗುತ್ತಿತ್ತು, ಪಾಚಿ ಅದನ್ನು ಹನಿಹನಿಯಾಗಿ ಇಳಿಸುತ್ತಿತ್ತು, ಆ ಹನಿಗಳೇ ಸೇರಿ ಹೊಳೆಯಾಗುತ್ತಿದ್ದವು.

ಆ ಕಾಡಿನಲ್ಲಿ ಬೆಳ್ಳಿಗೊರಲ ಹಕ್ಕಿಗಳಿದ್ದವು. ಕಾಗೆಯ ಬಳಗವೇ, ಆದರೆ ಮೈಯೆಲ್ಲ ಕಡುನೀಲಿ, ಗಂಟಲಲ್ಲಿ ಮಾತ್ರ ಬೆಳ್ಳಿಯ ಪಟ್ಟಿ. ಗದ್ದಲದಲ್ಲಿ ಕಾಗೆಗಿಂತ ಒಂದು ಕೈ ಮೇಲೆ. ಇಡೀ ಗುಂಪಿಗೆ ಒಂದೇ ಗೂಡು. ಮರಿಗಳಿಗೆ ತಾಯಿತಂದೆ ಮಾತ್ರವಲ್ಲ, ಹಿಂದಿನ ವರ್ಷದ ಅಕ್ಕ ಅಣ್ಣಂದಿರೂ ಹುಳು ತಂದು ತಿನ್ನಿಸುತ್ತಿದ್ದರು. ಅದನ್ನು ನೋಡಿಯೇ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಕೂಸಿಗೆ ಅನ್ನ ಹಿಡಿಸುವ ಕಾಲ ಬಂದಾಗ ಪ್ರತಿ ಮನೆಯವರೂ ಒಂದೊಂದು ತುತ್ತು ತಿನ್ನಿಸಬೇಕು. ತುತ್ತು ಕೊಟ್ಟವರೆಲ್ಲ ಅದನ್ನು ‘ನನ್ನ ಕೂಸು’ ಎನ್ನಬಹುದು. ಬರೀ ಅಂದರೆ ಸಾಲದು, ಹಾಗೆಯೇ ನಡೆದುಕೊಳ್ಳಲೂ ಬೇಕು.

ಇಂಥ ನಾಡಿಗೆ ಧೂಮಾಕ್ಷ ಎಂಬ ಮಾಂತ್ರಿಕ ಬಂದ. ಅವನ ಆಹಾರ ಮಂಜು. ಕುಡಿದಷ್ಟೂ ಅವನ ಶಕ್ತಿ ಹೆಚ್ಚುತ್ತಿತ್ತು. ಮಂಜು ಪಾಚಿಯ ಪಾಲಾಗಬಾರದೆಂದು ಮರಗಳನ್ನೇ ಸುಡತೊಡಗಿದ. ಅವನ ಕೈಯಲ್ಲೊಂದು ದಂಡವಿತ್ತು. ಅದರ ಎದುರು ಯಾರು ಸುಳ್ಳಾಡಿದರೂ ಅದು ಹೊತ್ತಿಕೊಂಡು ಆಡಿದವರನ್ನೇ ಸುಡುತ್ತಿತ್ತು. ರಾಜ ಅರಮನೆಯ ಬಾಗಿಲು ಹಾಕಿಕೊಂಡು ಕೂತ. ಅವನ ಹೆಸರು ಬೇಡ ಬಿಡಿ, ನೆನೆಯುವಂಥದ್ದೇನೂ ಅವನು ಮಾಡಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಕಣಿವೆಯ ಕಾಡು. ಅದರ ಮುಂದೆ ಬೊಮ್ಮಿ ಎಂಬ ಹುಡುಗಿ ಅಡ್ಡ ನಿಂತಳು. ತಾಯಿ ಸತ್ತ ಮೇಲೆ ತಮ್ಮ ಮಲ್ಲನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

“ದಾರಿ ಬಿಡು,” ಎಂದ ಧೂಮಾಕ್ಷ.

“ಬಿಡಲ್ಲ. ಏನ್ ಮಾಡ್ಕೊಳ್ತೀಯೋ ಮಾಡ್ಕೊ,” ಎಂದಳು ಬೊಮ್ಮಿ.

ಮಾಂತ್ರಿಕ ದಂಡ ಬೀಸಿದ. ಅವಳ ಸೊಂಟದ ಮೇಲಿದ್ದ ಮಲ್ಲ ಹಕ್ಕಿಮರಿಯಾಗಿ ಪುರ್ರನೆ ಹಾರಿ ಕಾಡಿನೊಳಗೆ ಮಾಯವಾದ. ಬೊಮ್ಮಿಯ ಎದೆ ಒಡೆದು ಹೋಯಿತು. ಆದರೂ ಅವಳು ಕೈಮುಗಿಯಲಿಲ್ಲ.

“ಮೂರು ಪರೀಕ್ಷೆ ಕೊಡುತ್ತೇನೆ,” ಎಂದ ಧೂಮಾಕ್ಷ. “ಗೆದ್ದರೆ ಕೂಸು ನಿನ್ನದು. ಸೋತರೆ ಕಾಡು ನನ್ನದು. ಮೊದಲನೆಯದು, ಈ ಕಾಡಿನ ಬಟ್ಟಲಕಾಯಿಗಳನ್ನೆಲ್ಲ ಬೂದಿ ಮಾಡಿದ್ದೇನೆ. ಒಂದು ಉಳಿದಿದೆ. ಅದನ್ನು ತಾ.”

ಪುಟ್ಟ ಬಟ್ಟಲಲ್ಲಿ ಕೂತಂತೆ ಬಿಡುವ ಆ ಕಾಯಿ ಬೆಳ್ಳಿಗೊರಲಕ್ಕೆ ಪ್ರಾಣ. ಮುಂದಕ್ಕೆ ಬೇಕೆಂದು ಪಾಚಿಯ ಕೆಳಗೆ ಬಚ್ಚಿಡುತ್ತದೆ. ಕೊಕ್ಕಿನಲ್ಲಿ ಆ ಕಾಯಿ ಕಚ್ಚಿಕೊಂಡಿದ್ದ ಒಂದು ಹಕ್ಕಿಯ ಹಿಂದೆ ಬೊಮ್ಮಿ ಬಿದ್ದಳು. ಅವಳು ನೋಡುತ್ತಿದ್ದರೆ ಹಕ್ಕಿ ಕಾಯಿ ಇಟ್ಟಂತೆ ಮಾಡಿ ಮತ್ತೆ ಕೊಕ್ಕಿಗೇರಿಸಿಕೊಂಡು ಹಾರುತ್ತಿತ್ತು. “ಅಬ್ಬಾ, ಎಂಥಾ ಕಿಲಾಡಿ ನೀನು,” ಎಂದು ನಕ್ಕು ಅವಳು ಬೆನ್ನು ತಿರುಗಿಸಿ ಕೂತಳು, ಕಿವಿ ಮಾತ್ರ ಅತ್ತ ಕೊಟ್ಟಳು. ಪಾಚಿ ಸರಕ್ಕೆಂದಿತು. ಅಲ್ಲಿ ಕೈಯಿಟ್ಟು ಕಾಯಿ ತಂದು ಮಾಂತ್ರಿಕನ ಮುಂದೆ ಹಿಡಿದಳು. ಅದು ಆಗಲೇ ಮೊಳಕೆಯೊಡೆದಿತ್ತು.

ಎರಡನೆಯ ಪರೀಕ್ಷೆಗೆ ಧೂಮಾಕ್ಷ ಹೊಗೆಯಿಂದ ಒಂದು ಹುಲಿ ಮಾಡಿ, ಮಲ್ಲ ಸೇರಿಕೊಂಡಿದ್ದ ಗೂಡಿನ ದಾರಿಯಲ್ಲಿ ಕೂರಿಸಿ, ದಾಟಿ ಬಾ ಎಂದ. ಹೆದರಿದಷ್ಟೂ ದೊಡ್ಡದಾಗುವ ಹುಲಿ. ಬೊಮ್ಮಿ ಹೆದರಿ ಹಿಂದೆ ಸರಿದಳು, ಹುಲಿ ಮರದೆತ್ತರ ಬೆಳೆಯಿತು. ಅಷ್ಟರಲ್ಲಿ ಬೆಳ್ಳಿಗೊರಲಗಳು ಒಂದನ್ನೊಂದು ಕರೆದು ಗುಂಪುಗೂಡಿ ಅದರ ತಲೆಯ ಮೇಲೆಯೇ ಕಿರುಚಾಡತೊಡಗಿದವು. ಹಿಡಿಯಷ್ಟು ಹಕ್ಕಿಗಳಿಗಿಲ್ಲದ ಭಯ ತನಗೇಕೆಂದು ಬೊಮ್ಮಿಯೂ ಸೆರಗು ಬಿಗಿದಳು.

“ಏ ಮೂರು ಕಾಸಿನ ಹೊಗೆಯೇ, ನನ್ನ ತಮ್ಮನ ದಾರೀಲಿ ಕೂರೋಕೆ ನೀನ್ಯಾವನೋ? ಒಲೆ ಊದಿದ್ರೆ ಇದಕ್ಕಿಂತ ದಪ್ಪ ಹುಲಿ ಬರುತ್ತೆ ನಮ್ಮನೇಲಿ.”

ಬೈದಂತೆಲ್ಲ ಹುಲಿ ಕುಗ್ಗಿತು. ನಾಯಿಯಷ್ಟಾಯಿತು, ಬೆಕ್ಕಿನಷ್ಟಾಯಿತು, ಕೊನೆಗೆ ಸೀನಿದಂತೆ ಸದ್ದು ಮಾಡಿ ಇಲ್ಲವಾಯಿತು.

ಸದ್ದು ಕೇಳಿ ಊರಿನವರೆಲ್ಲ ಓಡಿ ಬಂದರು. ಮಾಂತ್ರಿಕ ಕೈಗೆಟಕುವ ಕೊಂಬೆಯ ಮೇಲಿದ್ದ ಗೂಡಿನ ಬಳಿ ನಿಂತಿದ್ದ. ಗೂಡಿನಲ್ಲಿ ಐದು ಮರಿಗಳಿದ್ದವು, ಐದೂ ಒಂದೇ ಅಚ್ಚು.

“ಇವುಗಳಲ್ಲೊಂದು ನಿನ್ನ ತಮ್ಮ,” ಎಂದ. “ಯಾವುದು ನಿನ್ನದು ಹೇಳು. ನಿನ್ನದಲ್ಲದ್ದರ ಕುತ್ತಿಗೆ ಈಗಲೇ ಮುರಿಯುತ್ತೇನೆ. ತಪ್ಪು ಹೇಳಿದರೆ ದಂಡ ನೋಡಿಕೊಳ್ಳುತ್ತದೆ.”

ಬೊಮ್ಮಿ ಮರಿಗಳನ್ನು ನೋಡಿದಳು. ಗುರುತು ಸಿಗಲಿಲ್ಲ. ಯಾವುದನ್ನು ತೋರಿಸಿದರೂ ಉಳಿದವು ಸಾಯುತ್ತವೆ, ತಪ್ಪಿ ತೋರಿಸಿದರೆ ಮಲ್ಲನೇ ಸಾಯುತ್ತಾನೆ. ಅವಳಿಗೆ ಅಳು ಬಂತು. ಅದೇ ಹೊತ್ತಿಗೆ ಒಂದು ಹಕ್ಕಿ ಬಂದು ಹುಳು ತಿನ್ನಿಸಿ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮರಿ ಯಾರದೆಂದು ಒಂದೂ ಕೇಳಲಿಲ್ಲ. ಬಾಯಿ ತೆರೆದದ್ದಕ್ಕೆ ತುತ್ತಿಟ್ಟವು, ಅಷ್ಟೇ.

ಬೊಮ್ಮಿ ಕಣ್ಣೊರೆಸಿಕೊಂಡಳು. ಮಲ್ಲನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ರಾಗಿಮುದ್ದೆಯ ಚೂರು ಬಿಚ್ಚಿ ಐದು ಕೊಕ್ಕಿಗೂ ಒಂದೊಂದು ತುತ್ತಿಟ್ಟಳು.

“ಐದೂ ನನ್ನವೇ,” ಎಂದಳು.

ಧೂಮಾಕ್ಷ ಗಹಗಹಿಸಿ ನಕ್ಕು ದಂಡ ಹೊತ್ತಿಕೊಳ್ಳಲೆಂದು ಕಾದ. ದಂಡ ತಣ್ಣಗಿತ್ತು. ತುತ್ತು ಕೊಟ್ಟವಳು ತನ್ನ ಕೂಸೆಂದಿದ್ದಳು, ಅದರಲ್ಲಿ ಸುಳ್ಳೇನಿತ್ತು?

ಊರಿನ ಹಿರಿಯಳು ಸಣ್ಣಜ್ಜಿ ಕೋಲೂರಿಕೊಂಡು ಮುಂದೆ ಬಂದಳು. “ತಾ ಮಗಾ, ನಂಗೊಂದ್ ಚೂರು ಕೊಡು,” ಎಂದು ತಾನೂ ತಿನ್ನಿಸಿದಳು. “ನನ್ನವೂ ಹೌದು ಕಣಪ್ಪ. ಮುರಿ ನೋಡೋಣ.” ಅವಳ ಹಿಂದೆ ಊರಿಗೆ ಊರೇ ಬಂದು ತಿನ್ನಿಸಿತು. ದಂಡ ಬೆಚ್ಚಗೂ ಆಗಲಿಲ್ಲ.

ಮಾಂತ್ರಿಕನ ತಾಳ್ಮೆ ಕೆಟ್ಟಿತು. ಅಲ್ಲಿಯತನಕ ಅಳೆದು ತೂಗಿ ಮಾತಾಡುತ್ತಿದ್ದವನು ಕೋಪದಲ್ಲಿ ಎಲ್ಲ ಮರೆತು ಕಿರುಚಿದ. “ಎಲ್ಲ ನನ್ನದು. ಈ ಕಾಡು, ಈ ಮಂಜು, ಈ ಮರಿಗಳು, ಎಲ್ಲ ನನ್ನದು.”

ಯಾವೊಂದಕ್ಕೂ ಅವನು ಒಂದು ತುತ್ತು ಕೊಟ್ಟವನಲ್ಲ. ದಂಡ ಭಗ್ಗೆಂದು ಅವನ ಕೈಯಲ್ಲೇ ಹೊತ್ತಿಕೊಂಡಿತು. ಕುಡಿದ ಮಂಜೆಲ್ಲ ಅವನ ಬಾಯಿಂದ ಹೊರಟು ಬೆಟ್ಟ ತುಂಬಿತು. ಮಂಜು ತಿಳಿಯಾದಾಗ ಅಲ್ಲಿ ಉಳಿದದ್ದು ಒಂದು ಖಾಲಿ ನಿಲುವಂಗಿ. ಗೂಡಿನ ಕೆಳಗೆ ಮಲ್ಲ ಕೂತು, ಇನ್ನೂ ಬೇಕೆಂದು ಬಾಯಿ ತೆರೆದಿದ್ದ.

ಬೊಮ್ಮಿ ಮೊಳಕೆಯೊಡೆದ ಕಾಯಿಯನ್ನು ಸುಟ್ಟ ನೆಲದಲ್ಲಿ ಊರಿದಳು. ಅದು ಮರವಾಗಿ ಕಾಯಿ ಬಿಟ್ಟಾಗ ಬೆಳ್ಳಿಗೊರಲಗಳು ಒಯ್ದು ಬೆಟ್ಟದ ತುಂಬ ಬಚ್ಚಿಟ್ಟವು, ಎಷ್ಟೋ ಕಡೆ ಇಟ್ಟಲ್ಲೇ ಮರೆತವು. ಮರೆತಲ್ಲೆಲ್ಲ ಮರವೆದ್ದಿತು, ಹೊಳೆಗಳು ತುಂಬಿದವು, ಊರು ಸುಖವಾಗಿ ಬಾಳಿತು. ಇಂದಿಗೂ ಆ ಬೆಟ್ಟದಲ್ಲಿ ಯಾವುದಾದರೂ ಕೂಸನ್ನು ತೋರಿಸಿ ಇದು ಯಾರದೆಂದು ಗದರಿ ಕೇಳಿ ನೋಡಿ. ಕಿವಿಗೆ ಬಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತು, “ನಂದು, ಏನೀಗ?” ಎನ್ನುತ್ತಾರೆ.