ಸಕ್ಕರೆಯ ಬಾಟಲಿ

ಬೆಳಗಿನ ಬಿಸಿಲಲ್ಲಿ ಆ ಕೇಕು ಮೂರನೇ ಮಹಡಿಯ ಕಿಟಕಿಯಿಂದ ಹಾರಿತು. ಟಿನ್ನಿನ ಸಮೇತ.

ಅದಕ್ಕೆ ಮುಂಚೆ ಅಡುಗೆಮನೆಯಲ್ಲಿ ನಡೆದದ್ದನ್ನು ಯುದ್ಧ ಎಂದೇ ಕರೆಯಬೇಕು. ಹುಡುಗಿ ಸ್ಟೂಲಿನ ಮೇಲೆ ನಿಂತು, ಫೋನನ್ನು ಕೇಕಿನ ನೆತ್ತಿಯ ಮೇಲೆ ಹಿಡಿದು, ಉಸಿರು ಬಿಗಿಹಿಡಿದಿದ್ದಳು. ಟ್ಯೂಬ್‌ಲೈಟ್ ಹಾಕಿದರೆ ಬಿಳಿ ಕ್ರೀಮು ಹಸಿರಾಗಿ ಕಾಣುತ್ತಿತ್ತು. ಆರಿಸಿದರೆ ಚಾಕೊಲೇಟ್ ಕೇಕು ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಕಿಟಕಿಯ ಹತ್ತಿರ ಇಟ್ಟರೆ ಅವಳದೇ ತಲೆಯ ನೆರಳು ಬಂದು ಅದರ ಮೇಲೆ ಕೂರುತ್ತಿತ್ತು. ನೆರಳು ಸರಿದು ಬೆಳಕು ಹದಕ್ಕೆ ಬರುವಷ್ಟರಲ್ಲಿ ಕ್ರೀಮು ಕರಗಿ ವಾಲಿತು. ವಾಲಿದ ಕ್ರೀಮಿನ ಮೇಲೆ ನೊಣ ಕೂತಿತು. ನೊಣ ಓಡಿಸಲು ಹೋದಾಗ ಫೋನು ಕೈಜಾರಿ ಕೇಕಿನ ಹೊಟ್ಟೆಗೆ ಇಳಿಯಿತು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ. "ಫೋಟೋ ತೆಗೆದಿದ್ದು ಸಾಕು. ಒಂದು ತುಂಡು ಕೊಡೇ, ಬಿಸಿ ಇರೋವಾಗ್ಲೇ ತಿಂತೀನಿ."

"ಫೋಟೋ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ ಅಮ್ಮ!"

"ನಿನ್ನ ಬ್ಲಾಗ್ ಓದೋರು ಯಾರೇ? ನಿನ್ನ ಚಿಕ್ಕಮ್ಮ ಒಬ್ಬಳು. ಅವಳೂ ಹೋದ್ಸಲ, ಇದೇನು ಸುಟ್ಟ ಬ್ರೆಡ್ಡಾ ಅಂತ ಕೇಳಿದಳು."

ಅಷ್ಟು ಸಾಕಾಯಿತು. ಆ ಕಟ್ಟಡದವರು ಹುಡುಗಿಯನ್ನು ಗುಡುಗಮ್ಮ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಫೋನನ್ನು ಕಿತ್ತು ಪಕ್ಕಕ್ಕೆಸೆದವಳು ಟಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದಳು.

ಕೆಳಗಿನಿಂದ "ಅಯ್ಯೋ" ಎಂಬ ಕೂಗು ಬಂತು.

ಬಗ್ಗಿ ನೋಡಿದರೆ, ಯುವಕನೊಬ್ಬ ಎದೆ ಹಿಡಿದುಕೊಂಡು ಗಿರ್ರನೆ ಸುತ್ತಿ, ಕಸದ ಡಬ್ಬಿಗೆ ಬಡಿದು, ಉರುಳಿ, ಕೊನೆಗೆ ಫುಟ್‌ಪಾತಿನ ಮೇಲೆ ಕೈಕಾಲು ಚೆಲ್ಲಿ ಬಿದ್ದ. ಅವಳು ಬರಿಗಾಲಲ್ಲಿ ಮೆಟ್ಟಿಲು ಹಾರಿಕೊಂಡು ಇಳಿದಳು. ಹಿಂದೆಯೇ ಅಮ್ಮನ ದನಿ, "ಕೊಂದೇಬಿಟ್ಟೆಯಲ್ಲೇ, ಮಹಾತಾಯಿ!"

ಅವನ ಹಣೆಯಲ್ಲಿ ರಕ್ತ, ಕೆನ್ನೆಯಲ್ಲಿ ಚಾಕೊಲೇಟು. ಅವಳು ಮೊಣಕಾಲೂರಿ ಕೂತಾಗ ಒಂದು ಕಣ್ಣು ಮೆಲ್ಲಗೆ ತೆರೆಯಿತು. ನಾಲಿಗೆ ಹೊರಬಂದು ತುಟಿಯ ಮೇಲಿನ ಕ್ರೀಮನ್ನು ಸವರಿಕೊಂಡು ಒಳಗೆ ಹೋಯಿತು.

"ಕೇಕು ಚೆನ್ನಾಗಿದೆ. ಟಿನ್ನು ಮಾತ್ರ ಸ್ವಲ್ಪ ಗಟ್ಟಿ ಆಯ್ತು."

"ರೀ! ಸುಮ್ ಸುಮ್ನೆ ಬಿದ್ರಾ?"

"ಸುಮ್ನೆ ಯಾರಾದ್ರೂ ಬೀಳ್ತಾರಾ? ಬೀಳೋದೇ ನನ್ನ ಕೆಲಸ. ಸಿನಿಮಾದಲ್ಲಿ ಹೀರೋಗೆ ಬೀಳೋ ಪೆಟ್ಟೆಲ್ಲ ನಂಗೆ. ಎಲ್ಲರೂ ಡೂಪ್ ಅಂತಾರೆ. ನೀವೂ ಹಾಗೇ ಕರೀರಿ."

ಹೋದ ಜೀವ ಬಂದದ್ದಕ್ಕೋ, ಮಾನ ಹೋದದ್ದಕ್ಕೋ, ಅವಳು ಅವನ ಭುಜಕ್ಕೆ ಫಟ್ ಎಂದು ಒಂದು ಬಿಟ್ಟಳು. ಅದು ಅವರಿಬ್ಬರ ಮೊದಲ ಸ್ಪರ್ಶ. ಅವನು ನಕ್ಕ, ಅವಳ ಕಿವಿ ಕೆಂಪಾಯಿತು.

ಅಮ್ಮ ಅವನನ್ನು ಮೇಲೆ ಕರೆದು ಹಣೆಗೆ ಪಟ್ಟಿ ಹಾಕಿದಳು. ಮರುದಿನ ಅವನೇ ಬಂದ, ಕಂಕುಳಲ್ಲಿ ದೊಡ್ಡದೊಂದು ಥರ್ಮಾಕೋಲ್ ಹಾಳೆ ಇಟ್ಟುಕೊಂಡು. ಅದು ಶೂಟಿಂಗಿನಲ್ಲಿ ನಾಯಕಿಯ ಮುಖಕ್ಕೆ ಬೆಳಕು ತಿರುಗಿಸುವ ಹಾಳೆಯಂತೆ. ಅದನ್ನು ಹಿಡಿದು ಕೇಕಿನ ಆಚೆ ಬದಿಗೆ ನಿಂತ.

"ಸ್ವಲ್ಪ ಎಡಕ್ಕೆ."

"ನಾನಾ, ಹಾಳೆಯಾ?"

"ಇಬ್ರೂ."

ಫೋನಿನ ಪರದೆಯಲ್ಲಿ ಹಳದಿ ಚೌಕವೊಂದು ಫೋಕಸ್ ಹುಡುಕುತ್ತ ಅಲೆಯಿತು. ಅವಳು ಕೇಕಿನ ಮೇಲೆ ಬೆರಳಿಟ್ಟಳು. ಚೌಕ ಕೇಕನ್ನು ಬಿಟ್ಟು ಹಿಂದಿದ್ದ ಅವನ ಮುಖಕ್ಕೆ ಹಾರಿತು. ಮತ್ತೆ ಕೇಕಿಗೆ ತಂದಳು. ಮತ್ತೆ ಅವನ ಮುಖಕ್ಕೇ ಹೋಯಿತು.

"ಬಗ್ಗಿ! ಇದು ನಿಮ್ಮನ್ನೇ ಹಿಡೀತಿದೆ."

"ಪಾಪ, ಫೋನಿಗಾದ್ರೂ ಒಳ್ಳೇ ಟೇಸ್ಟಿದೆ."

ಅವಳು ಮರದ ಸೌಟು ಎಸೆದಳು. ಅವನು ತಲೆ ತಗ್ಗಿಸಿದ, ಸೌಟು ಗೋಡೆಗೆ ಬಡಿಯಿತು. ಹಾಳೆಯ ಅಂಚಿನಿಂದ ಮೊದಲು ಹುಬ್ಬು, ಆಮೇಲೆ ಕಣ್ಣು ಮೇಲೆದ್ದು ಬಂದವು. ಆ ಕಣ್ಣು ಅವಳನ್ನು ನೋಡಿದ ರೀತಿಗೆ ಅವಳು ಮುಂದಿನ ಕೇಕಿನ ಕ್ರೀಮಿಗೆ ಸಕ್ಕರೆ ಹಾಕುವುದನ್ನೇ ಮರೆತಳು. "ನೀವು" ಹೋಗಿ "ನೀನು" ಬಂದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ.

ಒಮ್ಮೆ ಅವನು ಒಂದು ಕಂದು ಗಾಜಿನ ಬಾಟಲಿ ತಂದ. ಜೊತೆಗೆ ಅದೇ ಆಕಾರದ ಒಂದು ರಬ್ಬರ್ ಅಚ್ಚು.

"ನೀನು ಸಕ್ಕರೆ ಪಾಕ ಹಿಡೀತೀಯಲ್ಲ. ಇಂಥದ್ದೇ ಬಾಟಲಿ ಸಕ್ಕರೇಲಿ ಎರೆದು ಕೊಡ್ತೀಯಾ? ಶೂಟಿಂಗಲ್ಲಿ ನನ್ನ ತಲೆ ಮೇಲೆ ಒಡೀಬೇಕು. ಸಕ್ಕರೆಯದ್ದಾದ್ರೆ ಪುಡಿಪುಡಿ ಆಗುತ್ತೆ, ಪೆಟ್ಟಾಗಲ್ಲ. ನಮ್ಮ ಫೈಟ್ ಮಾಸ್ಟರ್‌ಗೆ ಸಕ್ಕರೆಯದ್ದೇ ಆಗ್ಬೇಕು."

ಅವಳು ಪಾಕವನ್ನು ಗಟ್ಟಿ ಹದಕ್ಕೆ ಕುದಿಸಿ, ಕಂದು ಬಣ್ಣ ಬೆರೆಸಿ, ಅಚ್ಚಿಗೆ ಎರೆದು, ತಿರುಗಿಸಿ, ಆರಿಸಿದಳು. ಕಣ್ಣಿಗೆ ಅಸಲಿ ಯಾವುದು ನಕಲಿ ಯಾವುದು ಗೊತ್ತಾಗುತ್ತಿರಲಿಲ್ಲ. ಮುಟ್ಟಿದರೆ ಮಾತ್ರ ಮೊಟ್ಟೆಯ ಚಿಪ್ಪಿನಷ್ಟು ಹಗುರ.

ಬಾಟಲಿಗಳನ್ನು ಒಪ್ಪಿಸಲು ಅವಳೇ ಶೂಟಿಂಗಿಗೆ ಹೋದಳು. ಅಲ್ಲಿ ಅವನನ್ನು ಮೇಜಿನ ಮೇಲಿಂದ ಎಸೆದರು, ಎದೆಗೆ ಒದ್ದರು, ಕೂದಲು ಹಿಡಿದು ಗೋಡೆಗೆ ಗುದ್ದಿದರು. ಎಲ್ಲ ಸುಳ್ಳು ಎಂದು ತಿಳಿದಿದ್ದರೂ ಅವಳ ಮುಷ್ಟಿ ಬಿಗಿಯಿತು. ಕೊನೆಗೆ ವಿಲನ್ ಅವಳ ಬಾಟಲಿಯನ್ನೇ ಎತ್ತಿ ಅವನ ತಲೆಯ ಮೇಲೆ ಒಡೆದ. ಅವನು ನಕಲಿ ರಕ್ತ ಉಗುಳಿ ಕುಸಿದ. ಮರುಕ್ಷಣ ಅವಳು ಕ್ಯಾಮೆರಾದ ಮುಂದೆ ನುಗ್ಗಿ ವಿಲನ್ನಿನ ಕೆನ್ನೆಗೆ ಬಾರಿಸಿಬಿಟ್ಟಿದ್ದಳು.

"ಕಟ್!" ಎಂದು ಚೀರಿದರು ಫೈಟ್ ಮಾಸ್ಟರ್. "ಯಾರಪ್ಪಾ ಈ ಯಮ್ಮ?"

ನೆಲದ ಮೇಲೆ ಮಲಗಿದ್ದವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮನೆಗೆ ಬಿಡುವಾಗ ಅವಳ ಕೆಂಪಾದ ಅಂಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಊದಿದ. "ನಂಗೋಸ್ಕರ ಇನ್ನೊಬ್ಬರಿಗೆ ಹೊಡೆದೋಳು ನೀನೊಬ್ಬಳೇ," ಎಂದ. ತನಗೆ ಅವನ ಮೇಲೆ ಪ್ರಾಣವೇ ಇದೆ ಎಂದು ಅವಳಿಗೆ ಅವತ್ತು ಖಾತ್ರಿಯಾಯಿತು. ಅದೇ ಕೈ ಮುಂದೆ ಅವನ ಮೇಲೂ ಏಳಬಹುದು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ಆ ಭಾನುವಾರ ಬಂತು.

ಅವತ್ತು ಎಲ್ಲವೂ ಕೂಡಿಬಂದಿತ್ತು. ಪದರ ಪದರದ ಕೇಕು, ನೆಟ್ಟಗೆ ನಿಂತ ಕ್ರೀಮು, ಹಾಸಿದ ಬಿಳಿ ಬಟ್ಟೆ, ಹಿಂದೆ ಅಲಂಕಾರಕ್ಕೆ ಎರಡು ಕಂದು ಬಾಟಲಿ. ಒಂದು ಅವನು ಮಾದರಿಗೆ ತಂದ ಗಾಜಿನದು, ಇನ್ನೊಂದು ಅವಳು ಎರೆದ ಸಕ್ಕರೆಯದು. ಕಿಟಕಿಯಿಂದ ಬಂದ ಬೆಳಕು ಹಾಲಿನ ಹಾಗೆ ಮೇಜಿನ ಮೇಲೆ ಹರಡಿತ್ತು. ಒಂದು ವರ್ಷದ ಒದ್ದಾಟದಲ್ಲಿ ಅಂಥ ಬೆಳಕು ಒಮ್ಮೆಯೂ ಸಿಕ್ಕಿರಲಿಲ್ಲ. ಅವಳು ಫೋನು ತರಲು ಒಳಗೆ ಓಡಿದಳು.

ಬಂದು ನೋಡಿದರೆ ಕೇಕಿನಲ್ಲಿ ತ್ರಿಕೋನದ ಗುಂಡಿ. ಅಮ್ಮನ ಮೂಗಿನ ಕೆಳಗೆ ಕ್ರೀಮಿನ ಮೀಸೆ. ಅವನ ಕೈಯಲ್ಲಿ ಚಾಕು.

"ಏನ್ ಮಾಡಿದೆ?"

"ಅಮ್ಮಂಗೆ ಒಂದು ತುಂಡು ಕೊಟ್ಟೆ," ಎಂದ ಅವನು. "ಒಂದು ವರ್ಷದಿಂದ ಕೇಳ್ತಿದಾರೆ ಪಾಪ, ಒಂದಿನಾನೂ ಬಿಸಿ ಕೇಕು ತಿಂದಿಲ್ವಂತೆ. ನೀನು ಈ ಕಡೆಯಿಂದ ತೆಗಿ, ಗೊತ್ತೇ ಆಗಲ್ಲ."

"ಬೆಳಕು ಬಂದಿತ್ತು ಕಣೋ! ಒಂದೇ ಒಂದು ಸಲ ಬಂದಿತ್ತು!"

"ಕೇಕು ಇರೋದು ತಿನ್ನೋಕೆ ಕಣೇ. ಬರೀ ಚೆಂದಕ್ಕಾದ್ರೆ ಮಣ್ಣಲ್ಲಿ ಮಾಡು, ಕರಗೋದೂ ಇಲ್ಲ."

ಅವನು ತಮಾಷೆಗೇ ಅಂದ. ಅವಳ ಕಣ್ಣಿಗೆ ಮಾತ್ರ ಕತ್ತಲು ಕವಿಯಿತು. ಕೈ ಮೇಜಿನತ್ತ ಚಾಚಿತು, ಒಂದು ಬಾಟಲಿಯ ಕುತ್ತಿಗೆ ಹಿಡಿಯಿತು. ಅವನು ಅದನ್ನು ನೋಡಿದ. ನೋಡಿ, ತುಂಟತನದಿಂದ ನಕ್ಕು, ರೂಢಿಯಂತೆ ಕಣ್ಣು ಮುಚ್ಚಿ, ತಲೆಯನ್ನು ತಾನೇ ಒಂದಿಷ್ಟು ಬಾಗಿಸಿ ಒಡ್ಡಿದ.

ಬಾಟಲಿ ಒಡೆದ ಸದ್ದು ಸಕ್ಕರೆಯದ್ದಾಗಿರಲಿಲ್ಲ.

ಅವನು ಈ ಸಲ ಗಿರ್ರನೆ ಸುತ್ತಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಮೂಟೆ ಬಿದ್ದ ಹಾಗೆ ಕುಸಿದ. ಮೇಜಿನ ಬಟ್ಟೆ ಅವನ ಜೊತೆ ಕೆಳಗೆ ಬಂತು, ಕೇಕು ಅವನ ಎದೆಯ ಮೇಲೆ ಬಿತ್ತು. ಕಿವಿಯ ಮೇಲಿನ ಸೀಳಿನಿಂದ ರಕ್ತ ಬುಳುಬುಳು ಉಕ್ಕಿ ಬಿಳಿ ಬಟ್ಟೆಗೆ ಹರಿಯಿತು. ಅಮ್ಮ ಕಿರುಚಿದಳು. ಹುಡುಗಿ ಎರಡೂ ಅಂಗೈಯಿಂದ ಗಾಯವನ್ನು ಒತ್ತಿ ಹಿಡಿದು, "ಏಳೋ, ಆಟ ಸಾಕು, ಏಳೋ," ಎಂದು ಗೋಗರೆದಳು. ಅವನು ಏಳಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ತಲೆಬುರುಡೆಗೆ ಏನೂ ಆಗಿಲ್ಲ, ಆದರೆ ಒಂದು ಬೆರಳು ಕೆಳಗೆ ಬಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಕಾರಿಡಾರಿನಲ್ಲಿ ಫೈಟ್ ಮಾಸ್ಟರ್ ಅವಳ ಮೇಲೆ ಎರಗಿದರು.

"ನನ್ನ ಹುಡುಗನ್ನ ಬೆಂಕೀಲಿ ಹಾರ್ಸಿದೀನಿ, ಕಟ್ಟಡದಿಂದ ಬೀಳ್ಸಿದೀನಿ, ಕೂದಲು ಕೊಂಕಿಲ್ಲ! ಕೇಕು ಮಾಡೋ ಅಡುಗೆಮನೇಲಿ ಕೊಲ್ಲೋಕೆ ಹೊರಟ್ಯಲ್ಲಮ್ಮಾ!"

"ಗೊತ್ತಿಲ್ದೆ ಆಗಿದ್ದು ಸಾರ್," ಅಮ್ಮ ಅಡ್ಡ ಬಂದಳು. "ಎರಡೂ ಬಾಟಲಿ ಒಂದೇ ಥರ ಇದ್ವು. ಬದಲಾಗೋಯ್ತು."

ಮಾಸ್ಟರ್ ತಣ್ಣಗಾದರು. ಅವರ ಕಸುಬಿನಲ್ಲಿ ಅಂಥ ತಪ್ಪು ಆಗುವುದುಂಟು. ಎಲ್ಲರೂ ನಂಬಿದರು. ಅವಳು ತಲೆ ತಗ್ಗಿಸಿ ತನ್ನ ಬಲಗೈ ನೋಡುತ್ತ ಕೂತಳು. ಆ ಕೈಗೆ ಸಕ್ಕರೆಯ ಬಾಟಲಿ ಎಷ್ಟು ಹಗುರ ಎಂದು ಗೊತ್ತಿತ್ತು. ಅವತ್ತು ಬಾಟಲಿ ಎತ್ತಿದೊಡನೆ ಭಾರ ತಿಳಿದಿತ್ತು. ತಿಳಿದ ಮೇಲೂ ಕೈ ನಿಲ್ಲಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದಳು. ಅವಳು ಅದನ್ನು ಗಾದೆ ಎಂದುಕೊಂಡು ಕೇಳಿದ್ದಳು, ಅಷ್ಟೇ.

ಅವನಿಗೆ ಎಚ್ಚರವಾದಾಗ ಮೊದಲು ಮಾಸ್ಟರ್ ಹೋಗಿ ಬಂದರು, ಆಮೇಲೆ ಅವಳೊಬ್ಬಳನ್ನೇ ಒಳಗೆ ಬಿಟ್ಟರು. ತಲೆ ತುಂಬ ಬ್ಯಾಂಡೇಜು, ಊದಿದ ಕಣ್ಣು, ಆದರೂ ನಗು.

"ಏನ್ ಅವತಾರ ಇದು? ಅತ್ತು ಅತ್ತು ಮುಖ ಬನ್ನಿನ ಥರ ಊದಿದೆ."

ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಮಾಸ್ಟರ್ ಹೇಳಿದ್ರು, ಬಾಟಲಿ ಬದಲಾಯ್ತಂತೆ. ನಾನೇ ತಲೆ ಕೊಟ್ಟೆನಲ್ಲ, ನಂದೂ ತಪ್ಪೇ. ನೀನು ಮನಸ್ಸಿಗೆ ಹಚ್ಕೋಬೇಡ." ಅವನು ಅವಳ ಬೆರಳು ಹಿಡಿದ. "ಪ್ರಜ್ಞೆ ಬಂದ ತಕ್ಷಣ ಮೊದಲು ನೀನೇ ನೆನಪಾದೆ ಕಣೇ. ಇನ್ನು ಸುಮ್ನಿರೋಕಾಗಲ್ಲ. ನನ್ನ ಮದುವೆ ಆಗ್ತೀಯಾ?"

ಎಷ್ಟು ದಿನದಿಂದ ಈ ಮಾತಿಗೆ ಅವಳ ಜೀವ ಕಾದಿತ್ತು! ಹೂಂ ಎಂದರೆ ಸಾಕಿತ್ತು. ಉಳಿದದ್ದು ಅವಳಿಗೂ ಅವಳ ಕೈಗೂ ಬಿಟ್ಟು ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ಅವಳು ಬೆರಳು ಬಿಡಿಸಿಕೊಂಡಳು.

"ಬದಲಾಗಲಿಲ್ಲ," ಎಂದಳು.

"ಏನು?"

"ಬಾಟಲಿ. ಎತ್ತಿದಾಗ್ಲೇ ಭಾರ ಗೊತ್ತಾಯ್ತು. ಗಾಜಿಂದು ಅಂತ ಗೊತ್ತಿತ್ತು. ಆದ್ರೂ ಹೊಡೆದೆ. ನೀನು ನಗ್ತಿದ್ದೆ, ನಂಗೆ ಆ ನಗು ಒಡೀಬೇಕು ಅನ್ನಿಸ್ತು."

ಅವನ ನಗು ಅಲ್ಲೇ ಇತ್ತು, ಆದರೆ ಅದರಲ್ಲಿ ಅವನಿರಲಿಲ್ಲ. ಹೊದಿಕೆ ಜಾರುತ್ತಿತ್ತು. ಅವಳು ಅಭ್ಯಾಸದಂತೆ ಅದನ್ನು ಸರಿಮಾಡಲು ಕೈ ಎತ್ತಿದಳು. ಅವನು ಬೆಚ್ಚಿಬಿದ್ದ. ಭುಜ ಮುದುಡಿತು, ಮೊಣಕೈ ಮುಖಕ್ಕೆ ಅಡ್ಡ ಬಂತು. ನೂರು ಪೆಟ್ಟಿಗೆ ಅಳುಕದವನು ಅವಳ ಬರಿಗೈಗೆ ಹೆದರಿದ.

ಇಬ್ಬರಿಗೂ ಅದು ಕಂಡಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಎದ್ದಳು.

"ಎಲ್ಲಿಗೆ?"

"ಹೋಗ್ತೀನಿ. ನೀನು ಹೆದರ್ತಿದೀಯ."

"ಹೌದು, ಹೆದರ್ತಿದೀನಿ. ದಿನಾ ಹೊಡೆಸ್ಕೋತೀನಿ ನಾನು. ಹೊಡೆಯೋರು ಯಾರಿಗೂ ನನ್ನ ಮೇಲೆ ಕೋಪ ಇರಲ್ಲ. ನಿನ್ನ ಮುಂದೆ ಕಣ್ಣು ಮುಚ್ಚಿದ್ದು ನಂಬಿಕೆಯಿಂದ ಕಣೇ."

"ಗೊತ್ತು."

"ಮದುವೆ ಮಾತು ವಾಪಸ್ ತಗೊಂಡೆ."

"ಸರಿ." ಅವಳು ಬಾಗಿಲ ತನಕ ಹೋದಳು. ಕಣ್ಣೀರಿಗೆ ಚಿಲಕ ಕಾಣಲಿಲ್ಲ.

"ಹೋಗು ಅಂದ್ನಾ ನಾನು?" ಹಿಂದಿನಿಂದ ದನಿ ಬಂತು. "ಆ ಸ್ಟೂಲು ಗೋಡೆ ಹತ್ರ ಹಾಕ್ಕೋ. ಅಲ್ಲೇ ಕೂತ್ಕೋ, ದೂರ."

"ಯಾಕೆ?"

"ನೀನು ನಿಜ ಹೇಳ್ದೆ. ಹೇಳ್ದೇ ಇದ್ದಿದ್ರೆ ನಾನು ಜನ್ಮದಲ್ಲಿ ತಿಳ್ಕೋತಿರಲಿಲ್ಲ. ನೀನು ಹತ್ರ ಬಂದ್ರೆ ಮೈ ನಡುಗುತ್ತೆ, ಎದ್ದು ಹೋದ್ರೆ ಉಸಿರು ಕಟ್ಟುತ್ತೆ. ಏನ್ ಮಾಡ್ಲಿ, ಹೇಳು."

ಅವಳು ಸ್ಟೂಲನ್ನು ಗೋಡೆಗೆ ಎಳೆದು ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಅವನಿಗೆ ಕಾಣುವ ಹಾಗೆ ಇಟ್ಟುಕೊಂಡಳು.

"ಇನ್ನೊಂದು ಸಲ ಕೈ ಎತ್ತಿದ್ರೆ?" ಎಂದು ತಾನೇ ಕೇಳಿದಳು.

"ಅವತ್ತೇ ಕೊನೆ. ಪ್ರೀತಿ ಗೀತಿ ಅಂತ ನೋಡಲ್ಲ, ಎದ್ದು ಹೋಗ್ತೀನಿ."

"ಹೋಗು. ನಾನು ಕರೆದ್ರೂ ತಿರುಗಿ ನೋಡ್ಬೇಡ." ಅವಳು ಮೂಗೊರೆಸಿಕೊಂಡಳು. "ಕೋಪ ಬಂದಾಗ ನಾನೇ ಮನೆಯಿಂದ ಆಚೆ ನಡೀತೀನಿ. ಕಲೀತೀನಿ. ಕಲಿತ ಮೇಲೆ ಬೇಕಾದ್ರೆ ಕೇಳು, ಬೇಡ ಅನ್ಸಿದ್ರೆ ಕೇಳ್ಬೇಡ. ನಂಗಂತೂ ನಿನ್ನ ಬಿಟ್ಟು ಇನ್ಯಾರೂ ಬೇಡ."

ಅವನು ಕಣ್ಣು ಮುಚ್ಚಲಿಲ್ಲ. ಮಂಚದಿಂದ ಅವಳನ್ನೇ ನೋಡುತ್ತ ಮಲಗಿದ.

ಬಾಗಿಲು ತಳ್ಳಿಕೊಂಡು ನರ್ಸ್ ಬಂದಳು, ಕೈಯಲ್ಲಿ ಮಾತ್ರೆ. "ಪೇಷೆಂಟ್ ಕಡೆಯವರು ಯಾರಿದೀರಾ?"

ಅವಳು ಬಾಯಿ ತೆರೆದಳು. ನಾನೇ ಎನ್ನುವ ಹಕ್ಕು ತನಗಿಲ್ಲ ಎನಿಸಿ ತೊಡೆಯ ಮೇಲಿನ ಕೈಗಳನ್ನು ನೋಡಿದಳು.

"ಅವಳೇ," ಎಂದ ಅವನು. "ಅಲ್ಲಿ ಗೋಡೆ ಹತ್ರ ಕೂತಿದಾಳಲ್ಲ, ಅವಳ ಕೈಗೆ ಕೊಡಿ."