ಹನ್ನೊಂದು ಮೆಟ್ಟಿಲಿಗೆ ಒಂದು ಅಂಕಿ

"ಏಳನೇತ್ತಾ ಸಾಲಿ ಬಿಟ್ಟು ಓಡಿದವಗ ಡಬ್ಬಿ ತಗಿಯೂದಷ್ಟ ಗೊತ್ತು, ತಿರುಗಿ ಇಡೂದು ಗೊತ್ತಿಲ್ಲ. ಕಳ್ಳ!"

ಇಂಗಳೇಶ್ವರದ ಹಳೆಯ ಬಾವಿಯ ಮುಂದೆ, ಸಂಘದ ಹತ್ತು ಜನರೆದುರು ಸುಧೀರ ಹೀಗೆಂದಾಗ ಪರಶುವಿನ ಕಿವಿ ಕಾದ ಹಂಚಾಯಿತು. ಸುಧೀರ ಮುದ್ದೇಬಿಹಾಳದ ಮಾಸ್ತರ; ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಫೋನಿನ ನಕಾಶೆ ಹಿಡಿದು, ಅಡಗಿಸಿಟ್ಟ ಡಬ್ಬಿ ಹುಡುಕುವ ಆಟಕ್ಕೆ ಈ ಸೀಮೆಯಲ್ಲಿ ತಾನೇ ಧಣಿ ಎಂಬ ಸೊಕ್ಕು. ಪ್ರತಿ ಡಬ್ಬಿಗೂ ಎರಡು ಅಂಕಿ: ಹುಡುಕುವ ಕಷ್ಟಕ್ಕೊಂದು, ತಲುಪುವ ಕಷ್ಟಕ್ಕೊಂದು. ಎರಡನೆಯದು ಐದಿದ್ದರೆ ಹಗ್ಗ ಬೇಕು. ಒಂದಿದ್ದರೆ ಗಾಲಿಕುರ್ಚಿಯಲ್ಲೇ ಹೋಗಿ ಮುಟ್ಟಬಹುದು. ಸುಧೀರ ತಾನೇ ಅಡಗಿಸಿಟ್ಟ ಈ ಡಬ್ಬಿಗೆ ಒಂದು ಕೊಟ್ಟಿದ್ದ.

ಮರುದಿನ ವಿಜಯಪುರದಿಂದ ಗಾಲಿಕುರ್ಚಿಯ ಆಟಗಾರರು ಬರುವವರಿದ್ದರು. ಅವರಿಗೆ ದಾರಿ ತೋರಿಸುವ ಕೆಲಸ ಪರಶುವಿನದು. ಅವನಿಗೆ ಸಿಕ್ಕ ಮೊದಲ ಮರ್ಯಾದೆಯ ಕೆಲಸ. ಈಗ ಡಬ್ಬಿಯೇ ಮಾಯ, ಕೊನೆಯ ಸಲ ಅದನ್ನು ಮುಟ್ಟಿದವನು ಪರಶು.

"ಡಬ್ಬಿ ತಗದು ನೋಡಿ, ತಿರುಗಿ ಅಲ್ಲೇ ಇಟ್ಟು, ಫೋನಿನ್ಯಾಗ ಅದರ ಪುಟದಾಗ ಬರದೇನಿ. ಬರದದ್ದೂ ಈಗ ಕಾಣವಲ್ದು" ಎಂದ.

ಅಷ್ಟರಲ್ಲಿ ಡಬ್ಬಿ ಕಳೆದ ಸುದ್ದಿ ಕೇಳಿ ಅಫ್ರೀನ ಮೂರುಗಾಲಿಯ ಸ್ಕೂಟರಿನಲ್ಲಿ ಬಂದಳು. ಬಾಗೇವಾಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವಳದು. ಏನೇ ಕಳೆದರೂ ಜನ ಮೊದಲು ಹೋಗುತ್ತಿದ್ದುದು ಅಲ್ಲಿಗೇ. ಕಾಲು ಸ್ವಾಧೀನವಿಲ್ಲ, ಕಣ್ಣು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

"ಡಬ್ಬಿ ಎಲ್ಲಿತ್ರಿ ಸರ್?"

"ಈ ಗೋಡಿ ತೂತಿನ್ಯಾಗ. ನೀ ಕೂತಲ್ಲಿಂದನ ಕೈಗೆ ಸಿಗ್ತದ. ಹೋದ ಆಯ್ತವಾರ ನಾನ ನೋಡೇನಿ."

ಅಫ್ರೀನ ತೂತಿಗೆ ಕಡ್ಡಿ ಹಾಕಿದಳು. ಕಡ್ಡಿ ಒಳಗೆ ಹೋಗಲಿಲ್ಲ. ತೂತಿನ ಬಾಯಿತುಂಬ ಕಣಜದ ಹುಳದ ಮಣ್ಣುಗೂಡು.

"ಎಲ್ಲಾರೂ ನೋಡ್ರಿ. ಮಣ್ಣು ಒಣಗಿ ಕಲ್ಲಾಗೇತಿ, ಮರಿ ಹುಳ ತೂತು ಕೊರದು ಹಾರಿ ಹೋಗ್ಯಾವು. ಇದು ವಾರದ ಗೂಡಲ್ಲ, ತಿಂಗಳದ್ದು. ಡಬ್ಬಿ ಇಲ್ಲಿ ಇರಲೇ ಇಲ್ಲ. ಪರಶು, ನೀ ಪುಟದಾಗ ಏನ್ ಬರದಿದ್ದಿ?"

"ಹನ್ನೊಂದು ಮೆಟ್ಟಲಾ ಇಳೀಬೇಕು, ಅಂಕಿ ಒಂದು ಹಾಕಿದ್ದು ತಪ್ಪು, ಮೂರು ಹಾಕ್ರಿ ಅಂತ, ಅಕ್ಕಾ."

"ಹುಡುಕಿದವರು ಬರದದ್ದನ್ನ ಅಳಸೂ ಅಧಿಕಾರ ಡಬ್ಬಿ ಇಟ್ಟವರಿಗೆ ಐತಿ. ಅಳಸಿದ್ರ ಬರದವಗ ಸಂದೇಶ ಬರ್ತೈತಿ."

ಪರಶುವಿನ ಫೋನಿನಲ್ಲಿ ಅದು ಓದದೆ ಬಿದ್ದಿತ್ತು. ಅಳಿಸಿದವರು: ಸುಧೀರ.

"ಬಾವ್ಯಾಗ ಇಳಿಯೂ ಡಬ್ಬಿಗೆ ಒಂದು ಹಾಕಿ ಹೊಗಳಿಸ್ಕೊಂಡ್ರಿ. ನಾಳೆ ಕುರ್ಚಿಯವರು ಬಂದು ಮೆಟ್ಟಲಾ ನೋಡಿದ್ರ ಮಾನ ಹೋಗ್ತೈತಿ. ಅದಕ್ಕ ಡಬ್ಬಿ ತಗದ್ರಿ, ಹೆಸರು ಇವಂದು ಹೇಳಿದ್ರಿ. ಆಮ್ಯಾಲ ಅದನ್ನ ಈ ತೂತಿನ್ಯಾಗ ಇಡೂ ವಿಚಾರ ಇತ್ತು, ತೂತು ಕಟ್ಟಿದ್ದು ನೋಡಲಿಲ್ಲ; ಡಬ್ಬಿ ಇನ್ನೂ ನಿಮ್ಮ ಹತ್ರನ ಐತಿ. ನಿಮ್ಮ ಗಾಡಿ ಡಿಕ್ಕಿ ತಗೀರಿ ಸರ್."

ಸಂಘದವರೇ ತೆಗೆದರು. ಡಬ್ಬಿ ಅಲ್ಲಿತ್ತು.

"ನಾವು ಗಾಲಿ ಮ್ಯಾಲ ಹೋಗೂ ದಾರಿಗೆ, ನಮ್ಮನ್ನ ಕೇಳದ ನೀವು ಅಂಕಿ ಹಾಕೂವ್ರೇನು?" ಎಂದಳು ಅಫ್ರೀನ.

ಸುಧೀರನ ಧ್ವನಿ ಒಮ್ಮೆಲೇ ಬೆಣ್ಣೆಯಾಯಿತು. "ಪರಶು, ನೀ ನಮ್ಮ ಹುಡುಗ ಅಲ್ಲೇನಪಾ? ಹೊರಗ ಹೇಳಬ್ಯಾಡ. ಇನ್ನ ಮ್ಯಾಲ ಎಲ್ಲಾ ಡಬ್ಬಿಗೂ ನೀನ ಅಂಕಿ ಹಾಕು. ಆತಿಲ್ಲ?"

ಪರಶು ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದ. ಚಪ್ಪಲಿಯ ಧೂಳು ಝಾಡಿಸಿ, ಬಸ್ಸಿನ ದಾರಿ ಹಿಡಿದು ನಡೆದುಬಿಟ್ಟ.